ಕಾರು ಬಂತು, ಫೀಚರ್ ಬರ್ಲಿಲ್ಲ

ಪ್ರಶ್ನೆ: ಸರ್, ನಾನು ಪುಣೆ ಹಿಂಜೆವಾಡಿಯಲ್ಲಿ ಕೆಲಸ ಮಾಡೋದು, ಹೊಸ ಎಲೆಕ್ಟ್ರಿಕ್ ಕಾರು ತಗೊಂಡೆ. ಬ್ರೋಷರ್‌ನಲ್ಲಿದ್ದ ಆಟೋ ಪಾರ್ಕಿಂಗ್ ಇನ್ನೂ ಬಂದಿಲ್ಲ, ಶೋರೂಮ್‌ನವ್ರು ಅಪ್‌ಡೇಟ್‌ನಲ್ಲಿ ಬರುತ್ತೆ ಅಂತಾರೆ. ಇದು ಸರೀನಾ?
- ಓದುಗ, ವಾಕಡ್

ಉತ್ತರ: ಖಂಡಿತ ಸರಿಯಲ್ಲ ತಮ್ಮಾ. ನೀನು ದುಡ್ಡು ಪೂರ್ತಿ ಕೊಟ್ಟಿದೀಯ, ಅವ್ರು ಅರ್ಧ ಕೊಟ್ಟು ಉಳಿದದ್ದು ಆಮೇಲೆ ಅಂದ್ರೆ ಹೇಗೆ? 2020ರಲ್ಲಿ ಯೂರೋಪಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಎಲೆಕ್ಟ್ರಿಕ್ ಕಾರು ಐಡಿ.3 ಬಂದಾಗ್ಲೂ ಸಾಫ್ಟ್‌ವೇರ್ ಮುಗಿದಿರ್ಲಿಲ್ಲ, ಫೋನ್ ಜೋಡಿಸೋ ಆಪ್ ಕನೆಕ್ಟು, ಮುಂದಿನ ಗಾಜಿನ ಮೇಲೇ ಮಾಹಿತಿ ತೋರ್ಸೋ ಹೆಡ್‌ಅಪ್ ಡಿಸ್‌ಪ್ಲೇದು ಒಂದು ಭಾಗ ಎರಡೂ ಬಾಕಿ, ಆದ್ರೆ ಮೊದಲು ಬುಕ್ ಮಾಡಿದವ್ರಿಗೆ ಅದನ್ನ ಮುಂಚೇನೇ ಹೇಳಿ, ಈಗ್ಲೇ ತಗೋತೀರಾ ಇಲ್ಲಾ ಕಾಯ್ತೀರಾ ಅಂತ ಕೇಳಿದ್ರು, ನಿಂಗೆ ಸಿಗದೇ ಇದ್ದದ್ದು ಆ ಆಯ್ಕೆನೇ, ನಂಗೆ ಸಿಟ್ಟು ಬರೋದೂ ಅದಕ್ಕೇ.

ಪಾರ್ಕಿಂಗ್ ತಡ ಆದ್ರೆ ಸಹಿಸ್ಕೋಬಹುದು, ಬ್ರೇಕಿಗೆ ಸಂಬಂಧಪಟ್ಟದ್ದು ಬಾಕಿ ಇದ್ರೆ ಮಾತ್ರ ಒಂದಿನಾನೂ ಸುಮ್ನಿರ್ಬೇಡ.

ಬ್ರೋಷರು, ಬುಕಿಂಗ್ ರಸೀದಿ, ವಾಟ್ಸಾಪ್ ಮೆಸೇಜು ಎಲ್ಲಾ ಜೋಪಾನ ಮಾಡು. ಯಾವ ತಾರೀಕಿಗೆ ಕೊಡ್ತೀರಿ ಅಂತ ಇಮೇಲ್‌ನಲ್ಲಿ ಕೇಳು, ಬಾಯಿಮಾತು ಬೇಡ. ಉತ್ತರ ಬರ್ಲಿಲ್ವಾ, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು, ದಾರಿ ತಪ್ಪಿಸೋ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಆಮೇಲೂ ಆಗ್ಲಿಲ್ಲ ಅಂದ್ರೆ ಪುಣೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡು, ಎರಡು ವರ್ಷದೊಳಗೆ ಕೊಡ್ಬೇಕು.