ತಲೆನೋವು ಹೋಯಿತೆಂದು ಡಯಾಮಾಕ್ಸ್ ನಿಲ್ಲಿಸಬಹುದಾ?

ನಿಮ್ಮ 9 ವರ್ಷದ ಮಗನಿಗೆ ತಲೆಯೊಳಗೆ ಒತ್ತಡ ಜಾಸ್ತಿ, ಎಂಆರ್‌ಐನಲ್ಲಿ ಗಡ್ಡೆ ಏನೂ ಇಲ್ಲ, ಒತ್ತಡ ಇಳಿಸುವ ಔಷಧಿ ಡಯಾಮಾಕ್ಸ್ ಶುರುಮಾಡಿದ ಮೂರು ವಾರಕ್ಕೇ ತಲೆನೋವು ಹೋಗಿದೆ, ಇನ್ನು ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ನಾನು ಡಾಕ್ಟರ್ ಅಲ್ಲ, ಇದೇ ಕಾಯಿಲೆ ಬಂದಿದ್ದ ಹುಡುಗಿಯ ಅಮ್ಮ.

ಮಗಳಿಗೆ ಆಗ 10 ವರ್ಷ. ಬೆಳಿಗ್ಗೆ ಏಳುವಾಗಲೇ ತಲೆನೋವು. ಬಗ್ಗಿ ಶೂ ಲೇಸ್ ಕಟ್ಟಿದರೆ ಒಂದೆರಡು ಸೆಕೆಂಡ್ ಕಣ್ಣು ಕತ್ತಲೆ, ಆಮೇಲಾಮೇಲೆ ಎಲ್ಲವೂ ಎರಡೆರಡು ಕಾಣತೊಡಗಿತು. ಮೊದಲು ತೋರಿಸಿದ ಕಡೆ ಕನ್ನಡಕ ಬರೆದುಕೊಟ್ಟರು, ಎರಡು ತಿಂಗಳು ಸುಮ್ನೆ ಹೋಯಿತು. ಇನ್ನೊಬ್ಬರು ಡ್ರಾಪ್ಸ್ ಹಾಕಿ ಕಣ್ಣಿನೊಳಗೆ ನೋಡಿದಾಗಲೇ ಎರಡೂ ಕಣ್ಣಿನ ನರ ಊದಿರುವುದು ಗೊತ್ತಾಗಿದ್ದು. ಮೆದುಳಿನ ಸುತ್ತ ಇರುವ ನೀರೇ ಬೆನ್ನುಹುರಿಯ ಸುತ್ತಲೂ ಇರುತ್ತದೆ, ಬೆನ್ನಿಗೆ ಸೂಜಿ ಹಾಕಿ ಅದರ ಒತ್ತಡ ಅಳೆದರೆ 34 ಸೆಂಟಿಮೀಟರ್ ಬಂತು. ಮಕ್ಕಳಲ್ಲಿ 28 ದಾಟಿದರೆ ಜಾಸ್ತಿ ಅಂತ ಲೆಕ್ಕ.

ಅವಳ ತಲೆನೋವು ಒಂದೇ ತಿಂಗಳಲ್ಲಿ ಹೋಯಿತು. ನರದ ಊತ ಇಳಿಯಲು ಏಳು ತಿಂಗಳು ಬೇಕಾಯಿತು. ಊತ ಹಾಗೇ ಉಳಿದರೆ ಸಾಮಾನ್ಯವಾಗಿ ಮೊದಲು ಅಂಚಿನ ನೋಟ ಹೋಗುತ್ತದೆ, ನಡುವಿನದು ಚೆನ್ನಾಗಿಯೇ ಇರುವುದರಿಂದ ಮಗು ಬೋರ್ಡ್ ಓದುತ್ತದೆ, ಆಡುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಕಣ್ಣಿನ ನರ ನೋಡಿ, ಫೀಲ್ಡ್ ಟೆಸ್ಟ್ (ಅಂಚಿನ ನೋಟ ಎಷ್ಟಿದೆ ಎಂದು ನೋಡುವ ಪರೀಕ್ಷೆ) ಮಾಡಿ, ಡಾಕ್ಟರೇ ಡೋಸ್ ನಿಧಾನಕ್ಕೆ ಇಳಿಸಬೇಕು.

ಡಯಾಮಾಕ್ಸ್ ಮೆದುಳಿನ ನೀರು ಉತ್ಪತ್ತಿಯಾಗುವುದನ್ನೇ ಕಡಿಮೆ ಮಾಡುತ್ತದೆ. ಬೆರಳು ಜುಮುಜುಮು ಅನ್ನುತ್ತದೆ, ಸೋಡಾ ಕುಡಿದರೆ ಸಪ್ಪೆ ಅನಿಸುತ್ತದೆ, ಹಸಿವು ಕಡಿಮೆ. ಇದಕ್ಕೆ ಹೆದರಿ ಬಿಡಬೇಡಿ, ಆದರೆ ಡಾಕ್ಟರಿಗೆ ಹೇಳಿ. ಕಿಡ್ನಿ ಕಲ್ಲು ಆಗಬಹುದು, ನೀರು ಚೆನ್ನಾಗಿ ಕುಡಿಸಿ. ಸಲ್ಫಾ ಗುಂಪಿನ ಔಷಧಿಗಳ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಇನ್ನೊಂದು ಮಾತು. ಎಂಆರ್‌ಐ ಜೊತೆ ಎಂಆರ್‌ವಿ (ಮೆದುಳಿನ ಸಿರೆಗಳ ಸ್ಕ್ಯಾನ್) ಮಾಡಿದ್ದಾರಾ ಕೇಳಿ, ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಹೀಗೇ ಒತ್ತಡ ಏರುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್, ವಿಟಮಿನ್ ಎ ಜಾಸ್ತಿ ಕೊಟ್ಟಿದ್ದು, ಸ್ಟೆರಾಯ್ಡ್ ತಟ್ಟನೆ ನಿಲ್ಲಿಸಿದ್ದು, ಇವೂ ಕಾರಣ ಆಗಬಹುದು, ಹಳೇ ಚೀಟಿಗಳನ್ನೆಲ್ಲ ತೋರಿಸಿ. ತೂಕ ಜಾಸ್ತಿ ಇರುವ ಹದಿಹರೆಯದವರಿಗೆ ತೂಕ ಇಳಿಸಿದರೆ ತುಂಬಾ ಉಪಯೋಗ. ಚಿಕ್ಕ ಮಕ್ಕಳಲ್ಲಿ ತೆಳ್ಳಗಿದ್ದರೂ ಬರುತ್ತದೆ, ನನ್ನ ಮಗಳು ಕಡ್ಡಿಯ ಹಾಗಿದ್ದಳು. ನೆಂಟರೆಲ್ಲ ಮೊಬೈಲ್ ನೋಡಿದ್ದಕ್ಕೇ ಹೀಗಾಯಿತು ಅಂದಾಗ ಅವಳು ಅದನ್ನೇ ನಂಬಿ ರಾತ್ರಿ ಅಳುತ್ತಿದ್ದಳು. ನಿಮ್ಮ ಮಗನಿಗೆ ಯಾರೂ ಹಾಗೆ ಹೇಳಲು ಬಿಡಬೇಡಿ.

ನೋಟ ಇದ್ದಕ್ಕಿದ್ದಂತೆ ಮಂಕಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ. ಕಣ್ಣು ಉಳಿಸಲು ಆಪರೇಷನ್ ಇದೆ, ಹೆಚ್ಚಿನ ನೀರನ್ನು ಹೊರಹರಿಸುವ ಕೊಳವೆ (ಶಂಟ್) ಇದೆ, ಆದರೆ ತಡವಾದರೆ ಹೋದ ನೋಟ ವಾಪಸ್ ಬರದೇ ಇರಬಹುದು.