ಬಿಆರ್‌ಸಿಎ1 ಪಾಸಿಟಿವ್ ಬಂದಿದೆ, ಮಗು ಬೇಕು ಅಂದ್ರೆ

ಬಿಆರ್‌ಸಿಎ1 ಅನ್ನೋ ಜೀನಿನಲ್ಲಿ ದೋಷ ಇದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಅಪಾಯ ಜಾಸ್ತಿ. ಅದಕ್ಕೇ ಡಾಕ್ಟರ್ 'ಮುಂದೆ ಅಂಡಾಶಯ ತೆಗೆಸಿ' ಅಂದದ್ದು ನಿಮಗೆ 'ಈಗಲೇ' ಅಂತ ಕೇಳಿಸಿರಬೇಕು. 29ಕ್ಕೇ ಅಂಡಾಶಯ ತೆಗೆಸಿದರೆ ಮಗು ಹೇಗೆ ಅಂತ ಕೇಳಿದ್ದೀರಿ. ಈ ದೋಷ ಇದ್ದವರಿಗೆ ಆ ಆಪರೇಷನ್ ಸಾಮಾನ್ಯವಾಗಿ 35ರಿಂದ 40ರೊಳಗೆ, ಮಕ್ಕಳಾದ ಮೇಲೆ.

ಮೊದಲು ರಿಪೋರ್ಟ್ ತೆಗೆದು 'ಪ್ಯಾಥೋಜೆನಿಕ್' (ರೋಗ ತರುವ ದೋಷ) ಅಂತ ಇದೆಯಾ, 'ಅನ್‌ಸರ್ಟನ್ ಸಿಗ್ನಿಫಿಕೆನ್ಸ್' (ಅಪಾಯ ಇದೆಯೋ ಇಲ್ಲವೋ ಗೊತ್ತಿಲ್ಲ) ಅಂತ ಇದೆಯಾ ನೋಡಿ. ಎರಡನೆಯದಾದರೆ ಅದೊಂದನ್ನೇ ನಂಬಿ ಆಪರೇಷನ್ ಬೇಡ. ನಮ್ಮ ಅಕ್ಕನ ರಿಪೋರ್ಟಲ್ಲಿ ಆ ಸಾಲು ಮೂರನೇ ಪುಟದ ತಳದಲ್ಲಿತ್ತು. ಬೆಳಗಾವಿಯಿಂದ ವಾಪಸ್ ಬರುವಾಗ ಬಸ್ಸಲ್ಲಿ ಕೂತು ಹುಡುಕಿದ್ದು!

ಆಮೇಲೆ ಗಂಡನನ್ನೂ ಕರ್ಕೊಂಡು ಜೆನೆಟಿಕ್ ಕೌನ್ಸೆಲರ್ (ಜೀನ್ ಪರೀಕ್ಷೆಯ ಅರ್ಥ ತಿಳಿಸಿ ಸಲಹೆ ಕೊಡುವವರು) ಹತ್ತಿರ ಮಾತಾಡಿ. ಬಾಗಲಕೋಟೆಯಲ್ಲಿ ಸಿಗದಿದ್ದರೆ ವಿಡಿಯೊ ಕಾಲಲ್ಲೂ ಆಗುತ್ತೆ. ಗಂಡಾಗಲಿ ಹೆಣ್ಣಾಗಲಿ, ಮಗುವಿಗೆ ಈ ಜೀನ್ ದೋಷ ದಾಟುವ ಸಾಧ್ಯತೆ ಶೇ. 50. ಹಾಗಂತ ಸಹಜವಾಗಿ ಹೆರಬಾರದು ಅಂತೇನಿಲ್ಲ, ನಿಮ್ಮ ಅತ್ತೆ ಏನೇ ಅನ್ನಲಿ. ದಾಟಿಸೋದು ಬೇಡ ಅನಿಸಿದರೆ ಐವಿಎಫ್ (ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಜೊತೆ ಪಿಜಿಟಿ-ಎಂ ಅಂತ ಕೇಳಿ. ಭ್ರೂಣ ಪರೀಕ್ಷೆ ಮಾಡಿ, ಜೀನ್ ದೋಷ ಇಲ್ಲದ್ದನ್ನೇ ಗರ್ಭಕ್ಕೆ ಇಡ್ತಾರೆ. ಖರ್ಚು ಜಾಸ್ತಿ. ಒಂದೇ ಸಲಕ್ಕೆ ಗರ್ಭ ನಿಲ್ಲುತ್ತೆ ಅಂತ ಯಾರೂ ಭರವಸೆ ಕೊಡಲಾರರು.

ಮಗು ತಡ ಅಂದ್ರೆ ಅಂಡಾಣು ಫ್ರೀಜ್ ಮಾಡಿಸೋದನ್ನೂ ವಿಚಾರಿಸಿ. ಬಸುರಾಗೋ ಮುಂಚೆ ಈ ವರ್ಷದ ಸ್ತನದ ಎಂಆರ್‌ಐ ಮುಗಿಸಿಕೊಳ್ಳಿ.