ಅರವತ್ತು ಮಕ್ಕಳ ತರಗತಿಯಲ್ಲಿ ಸಕ್ರಿಯ ಕಲಿಕೆ ನಡೆಯುತ್ತದೆಯೇ?

ನೀವು ಬೀದರ್ ಜಿಲ್ಲೆಯ ಔರಾದ್ ಕಡೆಯ ಪ್ರೌಢಶಾಲೆಗೆ ಹೊಸದಾಗಿ ಬಂದ ವಿಜ್ಞಾನ ಶಿಕ್ಷಕಿ. ಒಂಬತ್ತನೇ ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು, ಪ್ರಯೋಗಾಲಯ ಹೆಸರಿಗಷ್ಟೇ, ಪೋರ್ಷನ್ ಮುಗಿಸುವುದೇ ಪ್ರಯಾಸ. ತರಬೇತಿಯಲ್ಲಿ ಹೇಳಿಕೊಟ್ಟ ಸಕ್ರಿಯ ಕಲಿಕೆ ಇಂಥಲ್ಲಿ ನಿಜವಾಗಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ.

ನಡೆಯುತ್ತದೆ ಗುರುಮಾತೆಯವರೇ, ಆದರೆ ತರಬೇತಿಯಲ್ಲಿ ತೋರಿಸಿದ ವೇಷದಲ್ಲಿ ಅಲ್ಲ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಸಂಖ್ಯೆ, ಕೊಠಡಿ, ಖಾಲಿ ಹುದ್ದೆ ಎಲ್ಲದರಲ್ಲೂ ನಿಮ್ಮ ಕಥೆಯೇ ನಮ್ಮದೂ.

ಮೊದಲು ಚಾರ್ಟು, ಥರ್ಮೋಕೋಲು, ಸ್ಕೆಚ್ ಪೆನ್ನುಗಳನ್ನು ಪಕ್ಕಕ್ಕಿಡಿ. ಆರಾರು ಮಕ್ಕಳ ಗುಂಪು ಮಾಡಿ ಚಾರ್ಟ್ ಕೊಟ್ಟರೆ ಏನಾಗುತ್ತದೆಂದು ಗಮನಿಸಿದ್ದೀರಾ? ಅಕ್ಷರ ಚೆನ್ನಾಗಿರುವ ಹುಡುಗಿ ಬರೆಯುತ್ತಾಳೆ, ಪಕ್ಕದವಳು ಗೆರೆ ಹಾಕಿಕೊಡುತ್ತಾಳೆ, ಉಳಿದ ನಾಲ್ವರು ಊಟದ ಗಂಟೆಗೆ ಕಾಯುತ್ತಾರೆ. ಫೋಟೋದಲ್ಲಿ ಮಾತ್ರ ಎಲ್ಲರೂ ಸಕ್ರಿಯ. ನನ್ನ ಮಟ್ಟಿಗೆ ಸಕ್ರಿಯ ಕಲಿಕೆ ಎಂದರೆ ಇಷ್ಟೇ: ನೀವು ಉತ್ತರ ಹೇಳುವ ಮೊದಲು ತರಗತಿಯ ಪ್ರತಿಯೊಂದು ಮಗುವೂ ತನ್ನದೊಂದು ಉತ್ತರಕ್ಕೆ ಕಟ್ಟುಬೀಳಬೇಕು, ಅದು ಏಕೆ ಸರಿ ಎಂದು ಪಕ್ಕದವರಿಗೆ ಹೇಳಬೇಕು. ಕೈ ಕೆಲಸ ಆಮೇಲಿನ ಮಾತು.

ಇದನ್ನು ದೊಡ್ಡ ತರಗತಿಗೆ ಒಗ್ಗಿಸಿದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಮುಖ್ಯರು. ಅವರ ವಿದ್ಯಾರ್ಥಿಗಳು ಸೂತ್ರ ಹಾಕಿ ಲೆಕ್ಕ ಬಿಡಿಸುತ್ತಿದ್ದರು, ಆದರೆ ಅದೇ ವಿಷಯದ ಸರಳ ಪ್ರಶ್ನೆಗೆ ತಡವರಿಸುತ್ತಿದ್ದರು. 1991ರಿಂದ ಅವರು ಪಾಠದ ನಡುವೆ ಆಯ್ಕೆಗಳಿರುವ ಒಂದು ಪ್ರಶ್ನೆ ಕೇಳಿ, ಮೊದಲು ಒಬ್ಬೊಬ್ಬರೇ ಯೋಚಿಸಿ ಮತ ಹಾಕಲು, ನಂತರ ಪಕ್ಕದವರೊಡನೆ ವಾದಿಸಿ ಮತ್ತೆ ಮತ ಹಾಕಲು ಹೇಳತೊಡಗಿದರು. ನೂರಾರು ವಿದ್ಯಾರ್ಥಿಗಳ ಸಭಾಂಗಣದಲ್ಲಿ ನಡೆದ ಕೆಲಸವಿದು, ಆದ್ದರಿಂದ ಅರವತ್ತು ಎಂಬುದು ಅಡ್ಡಿಯಲ್ಲ. ಮತ ಎಣಿಸುವ ಯಂತ್ರವೂ ಬೇಡ. ಕಣ್ಣು ಮುಚ್ಚಿಸಿ, ಎದೆಯ ಹತ್ತಿರ ಬೆರಳು ತೋರಿಸಲು ಹೇಳಿ: ಮೊದಲ ಉತ್ತರಕ್ಕೆ ಒಂದು ಬೆರಳು, ಎರಡನೆಯದಕ್ಕೆ ಎರಡು. ಕಣ್ಣು ಮುಚ್ಚಿಸದಿದ್ದರೆ ಇಡೀ ತರಗತಿ ಮೊದಲ ಬೆಂಚಿನ ಜಾಣನ ಬೆರಳನ್ನು ನೋಡಿಯೇ ಮತ ಹಾಕುತ್ತದೆ.

ಒಂಬತ್ತನೇ ತರಗತಿಯ ಬಾಷ್ಪೀಕರಣದ ಪಾಠಕ್ಕೆ ನಾನು ಕೇಳುವ ಪ್ರಶ್ನೆ ನೋಡಿ. ಮೇ ತಿಂಗಳು. ಒಂದೇ ತರಹದ ಎರಡು ಮಣ್ಣಿನ ಕೊಡಗಳು, ಒಂದು ಕಲಬುರಗಿಯಲ್ಲಿ, ಇನ್ನೊಂದು ಮಂಗಳೂರಿನಲ್ಲಿ, ಎರಡೂ ನೆರಳಿನಲ್ಲಿ. ಹೊರಗಿನ ಗಾಳಿಗೆ ಹೋಲಿಸಿದರೆ ನೀರು ಎಲ್ಲಿ ಹೆಚ್ಚು ತಣ್ಣಗಾಗುತ್ತದೆ? ಒಂದು, ಕಲಬುರಗಿ. ಎರಡು, ಮಂಗಳೂರು. ಮೂರು, ಎರಡೂ ಕಡೆ ಒಂದೇ. ಮೊದಲ ಸುತ್ತಿನಲ್ಲಿ ಹೆಚ್ಚಿನ ಮಕ್ಕಳು ಎರಡು ಬೆರಳು ತೋರಿಸುತ್ತಾರೆ. ಸಮುದ್ರ, ಮಳೆ, ತೆಂಗಿನ ಮರ. ಅಲ್ಲಿ ನೀರು ತಣ್ಣಗಿರದೆ ಇನ್ನೇನು ಎಂಬುದು ಅವರ ವಾದ. ನಾನು ಸರಿ ತಪ್ಪು ಹೇಳುವುದಿಲ್ಲ, ಮುಖದಲ್ಲೂ ತೋರಿಸುವುದಿಲ್ಲ. (ಇದು ಕಷ್ಟ. ಸರಿ ಉತ್ತರ ಕೇಳಿದ ಕೂಡಲೇ ನಮ್ಮ ತಲೆ ತಾನಾಗಿಯೇ ಆಡುತ್ತದೆ.) ಬೇರೆ ಉತ್ತರ ಹೇಳಿದವರ ಜೊತೆ ಮಾತನಾಡಿ ಎಂದು ಎರಡು ಮೂರು ನಿಮಿಷ ಬಿಡುತ್ತೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದ್ದು ಇದು: "ನಮ್ಮ ಮಾವ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಅಲ್ಲಿ ಯಾರೂ ನೀರಿನ ಕೂಲರ್ ಇಡುವುದಿಲ್ಲವಂತೆ, ಇಟ್ಟರೂ ಸೆಕೆ ಹೋಗುವುದಿಲ್ಲವಂತೆ. ಒಗೆದ ಬಟ್ಟೆಯೂ ಬೇಗ ಒಣಗುವುದಿಲ್ಲವಂತೆ." ಒಣಗದ ಬಟ್ಟೆ, ಕೆಲಸಕ್ಕೆ ಬಾರದ ಕೂಲರ್, ತಣ್ಣಗಾಗದ ಕೊಡ ಮೂರೂ ಒಂದೇ ಎಂದು ಮಕ್ಕಳೇ ಜೋಡಿಸಿದರು. ಎರಡನೇ ಸುತ್ತಿನಲ್ಲಿ ಬೆರಳುಗಳು ಬದಲಾದವು. ಆಮೇಲೆ ನಾನು ಗಾಳಿಯಲ್ಲಿನ ತೇವಾಂಶ ಹೆಚ್ಚಾದಂತೆ ಬಾಷ್ಪೀಕರಣದ ವೇಗ ಕುಗ್ಗುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದಾಗ ಅದು ಅವರಿಗೆ ತಮ್ಮದೇ ಜಗಳದ ತೀರ್ಪಿನಂತೆ ಕೇಳಿಸಿತು.

ಇಲ್ಲಿ ಪ್ರಶ್ನೆಯೇ ಜೀವಾಳ. ಎಲ್ಲರೂ ಸರಿ ಹೇಳಿಬಿಡುವ ಪ್ರಶ್ನೆಗೆ ಚರ್ಚೆ ಹುಟ್ಟುವುದಿಲ್ಲ, ಯಾರಿಗೂ ಗೊತ್ತಿಲ್ಲದ್ದಕ್ಕೂ ಹುಟ್ಟುವುದಿಲ್ಲ. ಸುಮಾರು ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದಷ್ಟು ಮಕ್ಕಳು ಸರಿ ಇದ್ದರೆ ಮಾತಿಗೆ ಬಿಡಿ. ಅದಕ್ಕಿಂತ ಕಡಿಮೆ ಇದ್ದರೆ ಒಂದು ಸುಳಿವು ಕೊಟ್ಟು ಅಥವಾ ಸ್ವಲ್ಪ ಪಾಠ ಮಾಡಿ ಮತ್ತೆ ಕೇಳಿ. ಹೆಚ್ಚಿದ್ದರೆ ಎರಡು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ತಪ್ಪು ಆಯ್ಕೆಗಳನ್ನು ನಾವು ಕುಳಿತು ಕಲ್ಪಿಸಿಕೊಳ್ಳುವುದಕ್ಕಿಂತ ಹಳೆಯ ಉತ್ತರ ಪತ್ರಿಕೆಗಳಿಂದ ಹೆಕ್ಕುವುದು ಮೇಲು. ಮಕ್ಕಳು ನಿಜವಾಗಿ ನಂಬಿರುವ ತಪ್ಪುಗಳು ಅಲ್ಲಿ ರಾಶಿ ಬಿದ್ದಿವೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದೂ ಒಂದು ವಿದ್ಯೆ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿಬಿಡುವ ಮಕ್ಕಳೂ ಹೆಚ್ಚುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಎಷ್ಟು ದೀರ್ಘ ಎಂಬುದು ತರಗತಿಯ ಮುಂದೆ ನಿಂತಾಗಲೇ ತಿಳಿಯುವುದು.

ನಿಮ್ಮ ಭಾಗಕ್ಕೆ ಒಂದು ಮಾತು ಮುಖ್ಯ. ಔರಾದ್ ಎಂದರೆ ಮಹಾರಾಷ್ಟ್ರ, ತೆಲಂಗಾಣ ಎರಡರ ಗಡಿಯೂ ಹತ್ತಿರ. ಮನೆಯಲ್ಲಿ ಮರಾಠಿ, ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಜೋಡಿಯ ಚರ್ಚೆ ಯಾವ ಭಾಷೆಯಲ್ಲಿ ನಡೆದರೂ ತಡೆಯಬೇಡಿ. ತಾಂಡಾದ ಹುಡುಗ ಲಂಬಾಣಿಯಲ್ಲಿ ಗೆಳೆಯನಿಗೆ ವಿವರಿಸಿ, ಆಮೇಲೆ ತರಗತಿಗೆ ಕನ್ನಡದಲ್ಲಿ ಹೇಳಲಿ. ನೇರವಾಗಿ ಕನ್ನಡದಲ್ಲೇ ಹೇಳು ಎಂದರೆ ಅವನು ಗೊತ್ತಿಲ್ಲ ಸರ್ ಎಂದು ಕುಳಿತುಬಿಡುತ್ತಾನೆ, ನಾವು ದಡ್ಡ ಎಂದು ಬರೆದುಕೊಳ್ಳುತ್ತೇವೆ. ಅಂದಹಾಗೆ, ಮಾತಾಡುತ್ತಾ ಕಲಿಯುವುದು ಇವರಿಗೆ ಹೊಸದೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ತರಗತಿಗಳ ಚಟುವಟಿಕೆ ಪದ್ಧತಿಯಾದ ನಲಿಕಲಿಯಲ್ಲಿ ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ್ಟಿ) ನೋಡಿಕೊಂಡು, ತಟ್ಟೆ ಎಂಬ ಗುಂಪುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಅಕ್ಷರ ಕಲಿತ ಮಕ್ಕಳು ಇವರು. ನಡುವಿನ ವರ್ಷಗಳಲ್ಲಿ ಕೈಕಟ್ಟಿ ಕೂರುವುದನ್ನು ಕಲಿಸಿದವರು ನಾವೇ.

ಪೋರ್ಷನ್ ವಿಷಯ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆಗಳ ಪೈಕಿ ಯಾದಗಿರಿಗೆ ಕೊನೆಯ ಸ್ಥಾನ, 2025ರಲ್ಲಿ ನಮ್ಮ ಕಲಬುರಗಿಗೆ. ಈ ಒತ್ತಡದಲ್ಲಿ ಮುಖ್ಯ ಶಿಕ್ಷಕರು ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಸಾಕಾಗುವಷ್ಟು ಪ್ರಶ್ನೋತ್ತರಗಳ ಕಟ್ಟು) ಕೈಗಿಟ್ಟು ಬಾಯಿಪಾಠ ಮಾಡಿಸಿ ಎನ್ನುವುದು ಸಹಜ. ಮಾಡಿಸಿ, ಬೇಡ ಎನ್ನುವ ಸ್ಥಿತಿಯಲ್ಲಿ ನಾವಿಲ್ಲ. ಆದರೆ ಒಂದು ಅವಧಿಗೆ ಒಂದೇ ಪ್ರಶ್ನೆ ಎಂದರೆ ಏಳೆಂಟು ನಿಮಿಷ. ನೋಟ್ಸ್ ಬರೆಸುವುದರಲ್ಲಿ ಅಷ್ಟು ಉಳಿಸಬಹುದು. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಕೂಡಿಸಿ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಾಧ್ಯತೆ ಸಕ್ರಿಯವಾಗಿ ಕಲಿತವರಿಗಿಂತ ಒಂದೂವರೆ ಪಟ್ಟು ಹೆಚ್ಚು. ಅವು ಕಾಲೇಜಿನ ಲೆಕ್ಕ, ನಮ್ಮ ಪ್ರೌಢಶಾಲೆಗೆ ಅಂಕಿಗಳನ್ನು ಹಾಗೆಯೇ ಇಳಿಸಬೇಡಿ. ದಿಕ್ಕು ಮಾತ್ರ ಸ್ಪಷ್ಟ.

ಮಕ್ಕಳೇ ಮೊದಲು ವಿರೋಧಿಸುತ್ತಾರೆ, ಅದಕ್ಕೂ ಸಿದ್ಧರಿರಿ. "ಉತ್ತರ ಹೇಳಿಬಿಡಿ ಟೀಚರ್, ಬರೆದುಕೊಳ್ಳುತ್ತೇವೆ" ಎನ್ನುತ್ತಾರೆ. 2019ರಲ್ಲಿ ಹಾರ್ವರ್ಡ್‌ನಲ್ಲೇ ನಡೆದ ಪ್ರಯೋಗದಲ್ಲಿ ಸಕ್ರಿಯ ತರಗತಿಯ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವು ಎಂದೇ ಭಾವಿಸಿದ್ದರು. ನಯವಾದ ಉಪನ್ಯಾಸ ಕೇಳಿದಾಗ ಎಲ್ಲ ತಿಳಿಯಿತು ಅನ್ನಿಸುತ್ತದೆ, ತಡಕಾಡಿದಾಗ ಹಾಗೆ ಅನ್ನಿಸುವುದಿಲ್ಲ.

ಪ್ರಯೋಗಾಲಯ ಇಲ್ಲ ಎಂದಿರಿ. ಹತ್ತನೇ ತರಗತಿಯ ಆಮ್ಲಗಳ ಪಾಠಕ್ಕೆ ನಮ್ಮಲ್ಲಿ ಶಾಲೆಯ ನೆಲವೇ ಪ್ರಯೋಗಾಲಯ. ಅಲ್ಲಿ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಒಂದು ಚೂರನ್ನು ಕೆರೆದು ಪುಡಿ ಮಾಡಿ ನಿಂಬೆರಸ ಬಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ. ನಿಮ್ಮ ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿಗೆ ಅದೇ ರಸ ಬಿಟ್ಟರೆ ಏನೂ ಆಗುವುದಿಲ್ಲ. ಮೊದಲು ಮತ, ನಂತರ ನಿಂಬೆರಸ. ಕ್ರಮ ಉಲ್ಟಾ ಮಾಡಿದರೆ ಅದು ಬರೀ ತಮಾಷೆ. ಕೆಂಪುಕಲ್ಲನ್ನು ಹಳೆಯ ಗೋಡೆಯ ಬಳಿ ಆಯ್ದು ತರಬೇಡಿ, ಅಂಟಿಕೊಂಡ ಗಾರೆಯ ಸುಣ್ಣವೂ ಗುಳ್ಳೆ ಬಿಟ್ಟು ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಸಿಮೆಂಟ್ ಕಾರ್ಖಾನೆಗಳು ವಾಡಿ, ಸೇಡಂ ಸುತ್ತಲೇ ಏಕೆ ಬಂದವು ಎಂದು ಕೊನೆಗೆ ಕೇಳಿದರೆ ಸಮಾಜ ವಿಜ್ಞಾನದವರಿಗೂ ಅರ್ಧ ಪಾಠ ಮಿಗುತ್ತದೆ.

ಗದ್ದಲದ ದೂರು ಬಂದೇ ಬರುತ್ತದೆ. ಪಕ್ಕದ ಕೊಠಡಿಯವರಿಗೆ ಮೊದಲೇ ತಿಳಿಸಿಡಿ, ಚರ್ಚೆ ನಿಲ್ಲಿಸಲು ಒಂದು ಸನ್ನೆ ಅಭ್ಯಾಸ ಮಾಡಿಸಿ. ನಾನು ಕೈ ಎತ್ತಿ ನಿಲ್ಲುತ್ತೇನೆ, ನೋಡಿದವರು ತಾವೂ ಎತ್ತುತ್ತಾರೆ, ಸದ್ದು ತಾನಾಗಿ ಇಳಿಯುತ್ತದೆ.

ಇದೇ ಮಕ್ಕಳು ಮುಂದಿನ ವರ್ಷ ಲೋಹಗಳ ಪಾಠಕ್ಕೆ ಬಂದಾಗ ನಿಮಗೆ ನಮಗಿಂತ ಅನುಕೂಲ. ನಿಮ್ಮ ಬೀದರಿನ ಕರಕುಶಲವಾದ ಬಿದರಿ ಪಾತ್ರೆಯನ್ನು ಬೀದರ್ ಕೋಟೆಯ ಮಣ್ಣು, ನವಸಾಗರದ (ಅಮೋನಿಯಂ ಕ್ಲೋರೈಡ್) ಲೇಪದಲ್ಲಿ ಉಜ್ಜಿದಾಗ ಸತುವು ತಾಮ್ರಗಳ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಯ ಕುಸುರಿ ಮಾತ್ರ ಬೆಳ್ಳಗೇ ಉಳಿಯುತ್ತದೆ, ಏಕೆ? ಈ ಪ್ರಶ್ನೆಗೆ ನಿಮ್ಮ ಮಕ್ಕಳು ಕೊಡುವ ತಪ್ಪು ಉತ್ತರಗಳನ್ನು ಇಲ್ಲೇ ಬರೆದು ತಿಳಿಸಿ. ನಮ್ಮ ತರಗತಿಗೆ ಆಯ್ಕೆಗಳು ಬೇಕಾಗಿವೆ.